ಕರಿಬೆಕ್ಕು ಮಾರಾಟಕ್ಕಿದೆ

"ಹಾಗಾದ್ರೆ ಈ ಗಾಡೀಲಿ ಏನೋ ಐಬಿದೆ ಅಂತಾಯ್ತು!"

ಅವಳ ದನಿ ಅಂಗಡಿಯ ತಗಡಿನ ಮಾಡಿಗೆ ಬಡಿದು ವಾಪಸ್ ಬಂತು. ಮೂಲೆಯಲ್ಲಿ ಹಳೆಯ ಹೆಡ್‌ಲೈಟ್ ಎತ್ತಿ ನೋಡುತ್ತಿದ್ದ ಗಿರಾಕಿಗಳು ತಿರುಗಿದರು. ಪಕ್ಕದ ಟೈರ್ ಅಂಗಡಿಯವರು ಗಾಳಿ ಹಾಕುವುದನ್ನು ನಿಲ್ಲಿಸಿ ಇತ್ತ ಕಿವಿ ಕೊಟ್ಟರು.

ಅವನು ಮಾತ್ರ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಡಿಸುತ್ತಾ, ಬಿಚ್ಚುತ್ತಾ, ಮತ್ತೆ ಮಡಿಸುತ್ತಾ ನಿಂತಿದ್ದ.

"ಐಬು ಏನೂ ಇಲ್ಲ ಮೇಡಂ. ನೀವೇ ಈಗ ತಾನೇ ಓಡಿಸಿ ಬಂದ್ರಲ್ಲ…"

"ಬಂದೆ. ಚೆನ್ನಾಗೇ ಇದೆ. ಈಗ ನೀವು ಓಡಿಸಿ, ನಾನು ಹಿಂದೆ ನಿಂತು ನೋಡ್ತೀನಿ. ಎರಡೂ ಚಕ್ರ ಒಂದೇ ಗೆರೇಲಿ ಹೋಗುತ್ತಾ, ಹೊಗೆ ಯಾವ ಬಣ್ಣ ಬರುತ್ತೆ… ಮೇಲೆ ಕೂತವರಿಗೆ ಇದೆಲ್ಲ ಕಾಣಲ್ಲ ಅಲ್ವಾ?"

"ಕಾಣಲ್ಲ, ನಿಜ."

"ಮತ್ತೆ ಹತ್ತಿ!"

ಅವನು ಬಟ್ಟೆಯನ್ನು ಇನ್ನೊಂದು ಸಲ ಮಡಿಸಿದ.

"ನಾನು… ಓಡಿಸಲ್ಲ ಮೇಡಂ."

"ಅಂಗಡಿ ಯಜಮಾನರೇ ಹತ್ತೋಕೆ ಹೆದರೋ ಗಾಡೀನ ನಾನು ಯಾವ ಧೈರ್ಯದ ಮೇಲೆ ತಗೊಳ್ಳಲಿ?"

ಅವನ ಕಿವಿಯ ತುದಿ ಕೆಂಪಾದದ್ದನ್ನು ಅವಳು ಕಂಡಳು. ಕಳ್ಳನ ಕಿವಿ ಹೀಗೇ ಕೆಂಪಾಗುತ್ತದೆ ಎಂದುಕೊಂಡಳು. ಕೀಲಿಯನ್ನು ಮೇಜಿನ ಮೇಲೆ ಟಕ್ಕನೆ ಇಟ್ಟು ಹೊರಟೇಬಿಟ್ಟಳು.

ಬಾಗಿಲು ದಾಟುವಾಗ ಮಾತ್ರ ಒಮ್ಮೆ ತಿರುಗಿ ನೋಡಿದಳು. ಅವನನ್ನಲ್ಲ, ಗಾಡಿಯನ್ನು.

ಅದು ಜೋಡಿ ಸಿಲಿಂಡರಿನ ಹಳೆಯ ಮೋಟಾರ್ ಸೈಕಲ್. ಕಪ್ಪು ಟ್ಯಾಂಕು, ಅಂಚಿಗೆ ಕೆನೆಬಣ್ಣದ ಸಣ್ಣ ಗೆರೆ. ತಯಾರಿಸಿದ ಕಾರ್ಖಾನೆ ಬೆರಳೆಣಿಕೆಯಷ್ಟು ಮಾಡಿ ಬಾಗಿಲು ಹಾಕಿತ್ತು. ಸ್ಟಾರ್ಟ್ ಮಾಡಿ ಬಿಟ್ಟರೆ ಒಲೆಯ ಪಕ್ಕ ಸುರುಳಿ ಸುತ್ತಿ ಮಲಗಿದ ಬೆಕ್ಕಿನಂತೆ ಗುರುಗುಟ್ಟುತ್ತಿತ್ತು. ಅದಕ್ಕೇ ಬೀದಿಯವರೆಲ್ಲ ಅದಕ್ಕೆ ಕರಿಬೆಕ್ಕು ಎಂದು ಹೆಸರಿಟ್ಟಿದ್ದರು. ಈ ಕಾಲದ ಗಾಡಿಗಳಂತಲ್ಲ ಅದು. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ.

ಅಂಥದೇ ಒಂದು ಗಾಡಿಯ ಟ್ಯಾಂಕಿನ ಮೇಲೆ ಕೂತು ಅವಳು ಬೆಳೆದದ್ದು. ಓಡಿಸುತ್ತಿದ್ದವಳು ಅವಳ ಚಿಕ್ಕಮ್ಮ, ಹೆರಿಗೆ ಆಸ್ಪತ್ರೆಯ ನರ್ಸು. ತಾಯಿಯಿಲ್ಲದ ಮಗುವನ್ನು ಮನೆಯಲ್ಲಿ ಒಂಟಿಯಾಗಿ ಬಿಡಲಾಗದೆ ಮುಂದೆ ಕೂರಿಸಿಕೊಂಡು ಡ್ಯೂಟಿಗೆ ಹೋಗುತ್ತಿದ್ದಳು. ಆ ಗಾಡಿ ಎಂದೋ ತುಕ್ಕು ಹಿಡಿದು ಗುಜರಿ ಸೇರಿತ್ತು. ಆದರೆ ಅದರ ಗುರುಗುಟ್ಟುವಿಕೆ ಅವಳ ಮೈಯಲ್ಲಿ ಹಾಗೇ ಉಳಿದುಕೊಂಡಿತ್ತು.

ಮತ್ತೊಂದು ಸಿಕ್ಕೀತೆಂದು ಅವಳು ಕನಸಲ್ಲೂ ನೆನೆಸಿರಲಿಲ್ಲ. ಸಿಕ್ಕಿತು ಅನ್ನುವಾಗಲೇ ಈ ಮನುಷ್ಯ…!

ಛೇ!

*

ಊರಾಚೆಯ ಮೈದಾನದಲ್ಲಿ ಅವಳು ಹೆಂಗಸರಿಗೆ ಸ್ಕೂಟರು, ಬೈಕು ಕಲಿಸುತ್ತಿದ್ದಳು. ಎಲ್ಲರ ಬಾಯಲ್ಲೂ ಅವಳು 'ಟೀಚರ್'. ಸೀಟಿನ ಹಿಂದಿನ ಹಿಡಿಕೆ ಹಿಡಿದು ಗಾಡಿಯ ಜೊತೆ ಓಡುವುದು, ಹೊತ್ತು ನೋಡಿ ಮೆಲ್ಲನೆ ಕೈಬಿಡುವುದು, ಅದೇ ಅವಳ ಕೆಲಸ. ಕೈಬಿಟ್ಟ ಮೇಲೆ ಕಲಿತವರು ಹೋಗಿಬಿಡುತ್ತಿದ್ದರು. ಹಿಂದಿರುಗಿ ನೋಡುತ್ತಿರಲಿಲ್ಲ. ಅದರಲ್ಲಿ ಅವಳಿಗೆ ಹೆಮ್ಮೆಯಿತ್ತು. ಒಂಚೂರು ಖಾಲಿತನವೂ ಇತ್ತು, ಆದರೆ ಅದನ್ನು ಅವಳು ಯಾರಿಗೂ ಹೇಳಿಕೊಂಡವಳಲ್ಲ.

ಮರುದಿನ ಮೈದಾನದಲ್ಲಿ ಸಿಟ್ಟು ಇನ್ನೂ ಆರಿರಲಿಲ್ಲ.

"ಆ ಹಳೇ ಮೋಟಾರ್ ಸೈಕಲ್ ಅಂಗಡಿ ಕಡೆ ಯಾರೂ ತಲೆ ಹಾಕ್ಬೇಡಿ," ಅಂದಳು. "ಅಂಗಡಿಯವನೇ ಹತ್ತೋಕೆ ಹೆದರೋ ಗಾಡಿ ಮಾರ್ತಾನೆ."

"ಯಾರು, ಆ ತಳ್ಳಪ್ಪನಾ?" ಕಲಿಯಲು ಬರುತ್ತಿದ್ದ ಟೈಲರ್ ಅಕ್ಕ ಕಣ್ಣರಳಿಸಿದಳು.

"ತಳ್ಳಪ್ಪನಾ?"

"ಹೂಂ ಟೀಚರ್. ಬೆಳಗ್ಗೆ ಗಾಡಿಗಳನ್ನೆಲ್ಲ ಒಂದೊಂದಾಗಿ ಹೊರಗೆ ತಳ್ಳಿ ನಿಲ್ಲಿಸ್ತಾನೆ, ಸಂಜೆ ಒಳಗೆ ತಳ್ತಾನೆ. ಹತ್ತೋದೇ ಇಲ್ಲ. ಎಂಥ ಜೋಪಾನ, ಗಾಡಿ ಸವೀಬಾರದು ಅಂತ ಕೈಯಲ್ಲೇ ತಳ್ತಾನೆ ನೋಡಿ ಅಂತ ನಾವೆಲ್ಲ ಹೊಗಳ್ತಿದ್ವಿ! ಅಯ್ಯೋ, ಒಳಗಿನ ಗುಟ್ಟು ಇದಾ?"

ಮಾತಿಗೆ ಕಾಲು ಬಂತು. ಟೈಲರ್ ಅಕ್ಕನ ಮಷಿನ್ನಿನ ಪಕ್ಕದಿಂದ ಹೊರಟು ಓಣಿ ಓಣಿ ಸುತ್ತಿತು. ವಾರ ಕಳೆಯುವುದರೊಳಗೆ ಹಾಲಿನಂಗಡಿಯಲ್ಲಿ ಚಿಕ್ಕಮ್ಮನ ಕಿವಿಗೂ ಬಿತ್ತು.

"ಆ ಅಂಗಡಿ ಬೈಕ್ ಹತ್ತಿದೋರು ಯಾರೂ ಬದುಕಿ ಬಂದಿಲ್ವಂತೆ!" ಚಿಕ್ಕಮ್ಮ ಹಾಲಿನ ಪಾತ್ರೆ ಕೆಳಗಿಡುತ್ತಾ ಹೇಳಿದಳು. "ನೀನೂ ಹತ್ತಿದ್ದೆ ಅಲ್ವೇನೇ? ಬದುಕಿದೀಯ ತಾನೆ? ಎಲ್ಲಿ, ಕೈ ತೋರಿಸು, ನಾಡಿ ನೋಡ್ತೀನಿ."

"ಚಿಕ್ಕಮ್ಮಾ! ನಾನು ಹಾಗೆಲ್ಲ ಹೇಳಿಲ್ಲ…"

"ನೀನು ಒಂದು ಹಿಡಿ ಕೊಟ್ಟೆ, ಊರು ಸೇರು ಮಾಡ್ಕೊಂಡಿತು. ಪಾಪ, ಯಾವ ತಾಯಿ ಹೆತ್ತ ಮಗನೋ. ಯಾಕೆ ಓಡಿಸಲ್ಲ ಅಂತ ಒಂದ್ಸಲ ನಿಧಾನವಾಗಿ ಕೇಳಿದ್ಯಾ?"

ಕೇಳಿರಲಿಲ್ಲ. ಕೂಗಿದ್ದಳು ಅಷ್ಟೇ.

ಅವತ್ತು ಅವಳಿಗೆ ಊಟ ಸೇರಲಿಲ್ಲ.

*

ಅವನು ಒಂದು ಬೆಳಗ್ಗೆ ತಾನಾಗಿಯೇ ಮೈದಾನಕ್ಕೆ ಬಂದ. ಹೆಂಗಸರ ಕ್ಲಾಸು ಮುಗಿಯುವವರೆಗೂ ಬೇಲಿಯ ಪಕ್ಕ ಕಾದ. ಎಲ್ಲರೂ ಹೋದ ಮೇಲೆ ಹತ್ತಿರ ಬಂದು ನಿಂತ. ಇವತ್ತು ಕೈಯಲ್ಲಿ ಬಟ್ಟೆಯಿರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ಅವನಿಗೆ ಗೊತ್ತಾಗುತ್ತಿರಲಿಲ್ಲ.

ಜಗಳಕ್ಕೆ ಬಂದಿದ್ದಾನೆ, ಬರಲಿ, ನಾನು ಬೈಸಿಕೊಳ್ಳಬೇಕಾದ್ದೇ… ಎಂದು ಅವಳು ಸಿದ್ಧಳಾದಳು.

"ಗಾಡೀಲಿ ಐಬಿಲ್ಲ ಮೇಡಂ," ಅಂದ ಅವನು. "ಐಬು ನನ್ನಲ್ಲಿದೆ. ನನಗೆ ಓಡಿಸೋಕೆ ಬರಲ್ಲ."

"ಏನು?"

"ಬೈಕು… ಓಡಿಸೋಕೆ ಬರಲ್ಲ."

ನಗಬಾರದು ಎಂದು ಅವಳು ತುಟಿ ಕಚ್ಚಿದಳು. ಅವನ ಮುಖ ನೋಡಿದ ಮೇಲೆ ನಗು ತಾನಾಗಿಯೇ ಇಂಗಿಹೋಯಿತು.

ಅವನು ಎಲ್ಲವನ್ನೂ ಹೇಳಿದ. ಓದುವ ದಿನಗಳಲ್ಲಿ ಗೆಳೆಯನ ಬೈಕು ಹತ್ತಿ, ಕಾಲೇಜಿನ ಗೇಟಿನೆದುರು ಎಲ್ಲರೂ ನೋಡುತ್ತಿರುವಾಗಲೇ ಬಿದ್ದು ಹೆಗಲಿನ ಎಲುಬು ಮುರಿದುಕೊಂಡಿದ್ದ. ಎಲುಬು ಕೂಡಿತು, ಧೈರ್ಯ ಕೂಡಲಿಲ್ಲ. ಗಡಿಯಾರ ರಿಪೇರಿ ಕಲಿತು ತನ್ನ ಪಾಡಿಗೆ ತಾನಿದ್ದ. ಸೋದರಮಾವ ಮೆಟ್ಟಿಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಈ ಅಂಗಡಿ ಅವನ ಹೆಗಲಿಗೆ ಬಂತು. ಯಾವ ಗಾಡಿ ಯಾವ ಕಾಲದ್ದು, ಯಾವ ಬೋಲ್ಟು ಮೂಲದ್ದು, ಯಾವುದು ಆಮೇಲೆ ಹಾಕಿದ್ದು, ಎಲ್ಲ ಕಲಿತ. ಓಡಿಸುವುದೊಂದನ್ನು ಬಿಟ್ಟು.

"ಮೊದಲನೇ ದಿನ ನಾಚಿಕೆಯಾಗಿ ಹೇಳಲಿಲ್ಲ. ಆಮೇಲೆ ಹೇಳೋ ದಿನ ದಾಟಿಹೋಯ್ತು. ಜನ ಜೋಪಾನ ಅಂತ ಹೊಗಳೋಕೆ ಶುರು ಮಾಡಿದ್ರು. ಇನ್ನೇನು ಮಾಡ್ಲಿ… ತಳ್ತಾ ಬಂದೆ."

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನಾನು ಊರಿಗೆಲ್ಲ ಹೇಳ್ಬಿಟ್ಟೆ…"

"ಗೊತ್ತು."

"ಕೋಪ ಇಲ್ವಾ?"

"ಇತ್ತು. ಆದ್ರೆ ನೀವು ಕೇಳಿದ್ದು ನ್ಯಾಯವಾಗೇ ಇತ್ತಲ್ಲ." ಅವನು ಮೊದಲ ಬಾರಿ ಅವಳ ಕಣ್ಣು ನೋಡಿದ. "ನನಗೆ ಕಲಿಸ್ತೀರಾ?"

"ತಪ್ಪಾಯ್ತು," ಅಂದಳು ಅವಳು. ಆಮೇಲೆ ಗಂಟಲು ಸರಿಮಾಡಿಕೊಂಡು, "ನಾಳೆ ಬೆಳಗ್ಗೆ ಬನ್ನಿ. ಚಪ್ಪಲಿ ಅಲ್ಲ, ಶೂ ಹಾಕ್ಕೊಂಡು," ಅಂದಳು.

*

ಮೊದಲು ಸ್ಕೂಟರು, ಆಮೇಲೆ ಕ್ಲಾಸಿನ ಸಣ್ಣ ಬೈಕು.

ಅವನು ಗಾಡಿಯ ಮೇಲೆ ಕೂತರೆ ಮೈಯೆಲ್ಲ ಮರದ ಕೊರಡಾಗುತ್ತಿತ್ತು. "ಭುಜ ಇಳಿಸಿ! ಉಸಿರು ಬಿಡಿ! ಹ್ಯಾಂಡಲ್ ಓಡಿಹೋಗಲ್ಲ, ಅಷ್ಟು ಬಿಗಿ ಹಿಡೀಬೇಡಿ!" ಎಂದು ಅವಳು ಕೂಗುತ್ತಾ ಹಿಂದೆ ಓಡುತ್ತಿದ್ದಳು. ಟೈಲರ್ ಅಕ್ಕ ಮತ್ತು ಅವಳ ಗೆಳತಿಯರು ಮೊದಮೊದಲು ಮುಸಿಮುಸಿ ನಕ್ಕರು. ಆಮೇಲೆ ಅವನು ಬೀಳುವಂತಾದಾಗಲೆಲ್ಲ, "ಅಯ್ಯಯ್ಯೋ ಅಣ್ಣಾ, ಬ್ರೇಕು, ಬ್ರೇಕು!" ಎಂದು ಅವಳಿಗಿಂತ ಜೋರಾಗಿ ಕಿರುಚತೊಡಗಿದರು. ಅವನ ಗುಟ್ಟನ್ನು ಮೈದಾನದಿಂದಾಚೆ ಒಯ್ಯಬಾರದೆಂದು ಅವಳು ಎಲ್ಲರಿಂದಲೂ ಮಾತು ತೆಗೆದುಕೊಂಡಿದ್ದಳು. ಅಚ್ಚರಿಯೆಂದರೆ, ಟೈಲರ್ ಅಕ್ಕನೂ ಆ ಮಾತನ್ನು ಉಳಿಸಿಕೊಂಡಿದ್ದಳು!

ಒಂದು ದಿನ ಅವನು ಓಡಿಸುತ್ತಾ ಕೇಳಿದ.

"ಹಿಡ್ಕೊಂಡಿದೀರಾ?"

"ಹಿಡ್ಕೊಂಡಿದೀನಿ!"

ಆ ದನಿ ತೀರಾ ದೂರದಿಂದ ಬಂದಂತಾಗಿ ಅವನು ಕನ್ನಡಿ ನೋಡಿದ. ಅವಳು ಮೈದಾನದ ಆ ತುದಿಯಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

ಅವನು ಬೀಳಲಿಲ್ಲ. ಹೋದ. ಹೋಗುತ್ತಲೇ ಇದ್ದ.

ಇವನೂ ಹೋದ, ಎಲ್ಲರ ಹಾಗೆ… ಎಂದುಕೊಳ್ಳುವಷ್ಟರಲ್ಲಿ, ಮೈದಾನದ ಅಂಚಿನಲ್ಲಿ ದೊಡ್ಡದಾಗಿ ತಿರುವು ತೆಗೆದುಕೊಂಡು, ಓಲಾಡುತ್ತಾ, ನೇರ ಅವಳ ಮುಂದೆ ಬಂದು ನಿಂತ.

"ಸುಳ್ಳು ಹೇಳಿದ್ರಿ!"

"ಎಲ್ಲ ಟೀಚರೂ ಹೇಳೋ ಸುಳ್ಳು ಅದು."

"ನೋಡಿದ್ರಾ? ಬೀಳಲಿಲ್ಲ!" ಅವನ ಮುಖದ ತುಂಬ ನಗು. "ನಿಮಗೆ ತೋರಿಸ್ಬೇಕು ಅಂತ ತಿರುಗಿಸ್ಕೊಂಡು ಬಂದೆ!"

ಕಲಿತ ಮೇಲೆ ತಿರುಗಿ ಬಂದವನು ಅವನೊಬ್ಬನೇ.

ಅಂದಿನಿಂದ ಕ್ಲಾಸು ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ಅವನು ಹಳೆಯ ಗಾಡಿಗಳ ಕತೆ ಹೇಳುತ್ತಿದ್ದ. ಯಾವುದು ಕೋಳಿಗೂಡಿನಲ್ಲಿ ಸಿಕ್ಕಿತು, ಯಾವುದನ್ನು ಮಾರಲು ಬಂದವರು ಅತ್ತುಕೊಂಡು ವಾಪಸ್ ಒಯ್ದರು… ಅವಳು ಚಿಕ್ಕಮ್ಮನ ಗಾಡಿಯ ಕತೆ ಹೇಳಿದಳು. ಹೆರಿಗೆ ಮಾಡಿಸಿ ಸುಸ್ತಾಗಿ ಬರುವಾಗ ಚಿಕ್ಕಮ್ಮ ನಿದ್ದೆ ಬಾರದಿರಲೆಂದು ದಾರಿಯುದ್ದಕ್ಕೂ ಮಗ್ಗಿ ಹೇಳುತ್ತಿದ್ದುದನ್ನು, ತಾನು ಟ್ಯಾಂಕಿನ ಮೇಲೆ ಕೂತು ಅವಳ ತಪ್ಪು ತಿದ್ದುತ್ತಿದ್ದುದನ್ನು ಹೇಳಿದಳು.

ಅವನು ನಗಲಿಲ್ಲ. "ಕರಿಬೆಕ್ಕು ನಿಮ್ಮ ಹತ್ರಾನೇ ಇರ್ಬೇಕು," ಅಂದ.

ಅವತ್ತು ಅವಳು ಮನೆಗೆ ಬಂದದ್ದು ನಡೆದುಕೊಂಡೋ ಹಾರಿಕೊಂಡೋ ಅವಳಿಗೇ ನೆನಪಿಲ್ಲ.

ಊರಿನ ಬಾಯಿಯನ್ನು ಮಾತ್ರ ಅವಳಿಂದ ತಿದ್ದಲಾಗಲಿಲ್ಲ. "ಆ ಅಂಗಡಿ ಗಾಡಿಗಳು ಚೆನ್ನಾಗೇ ಇವೆ, ನಾನೇ ತಪ್ಪು ತಿಳ್ಕೊಂಡಿದ್ದೆ," ಎಂದು ಕಂಡಕಂಡವರಿಗೆ ಹೇಳಿದಳು. ಮತ್ತೆ ಅವನು ಯಾಕೆ ಓಡಿಸಲಿಲ್ಲ ಎಂದು ಅವರು ಕೇಳಿದರೆ ಮಾತು ಬದಲಿಸುತ್ತಿದ್ದಳು. ಅವನ ಗುಟ್ಟನ್ನು ಬಿಚ್ಚುವ ಹಾಗಿರಲಿಲ್ಲವಲ್ಲ!

"ಏನ್ ಟೀಚರ್, ಅರ್ಧ ರೇಟಿಗೆ ಕೊಡ್ತೀನಿ ಅಂದ್ನಾ?" ಎಂದು ಜನ ಕಣ್ಣು ಮಿಟುಕಿಸಿದರು.

*

ಆ ವಾರ ಅವಳು ತುಂಬ ಹುರುಪಿನಿಂದ ಅಂಗಡಿಗೆ ಹೋದಳು. ಕರಿಬೆಕ್ಕನ್ನು ಇಂದು ಕೇಳಿಯೇಬಿಡಬೇಕು. ಜೊತೆಗೆ ಮತ್ತೇನಾದರೂ ಬಾಯಿಗೆ ಬಂದರೆ ಬರಲಿ…

ಗಾಡಿಯ ಹ್ಯಾಂಡಲಿಗೆ ಒಂದು ರಟ್ಟಿನ ಚೂರು ನೇತಾಡುತ್ತಿತ್ತು. 'ಮಾರಾಟವಾಗಿದೆ.'

ಅವನು ಅಂಗಡಿಯಲ್ಲಿರಲಿಲ್ಲ.

"ಬೆಟ್ಟದಾಚೆ ಡಾಕ್ಟರಮ್ಮ ಒಬ್ರು, ಹಳೇ ಗಾಡಿ ಕೂಡಿಡೋರು. ಅವರಿಗೆ ಮಾತಾಯ್ತಂತೆ," ಪಕ್ಕದ ಟೈರ್ ಅಂಗಡಿಯವರು ಕೈ ಒರೆಸಿಕೊಳ್ಳುತ್ತಾ ಬಂದರು. "ಏನೇ ಹೇಳಿ ಟೀಚರ್, ಹುಡುಗ ಜಾಣ. ನಿಮ್ಮ ಬಾಯಿಗೆ ಬೀಗ ಹಾಕಿದ, ಗಾಡೀನೂ ಮಾರ್ಕೊಂಡ!"

ಅವರು ತಮಾಷೆಗೇ ಅಂದದ್ದು. ನಕ್ಕು ಒಳಗೆ ಹೋದರು.

ಅವಳ ಎದೆಯಲ್ಲಿ ಮಾತ್ರ ಏನೋ ಪಟಕ್ಕೆಂದು ಮುರಿಯಿತು.

ಅದಕ್ಕಾ ಮೈದಾನಕ್ಕೆ ಬಂದದ್ದು? ಅದಕ್ಕಾ 'ನಿಮ್ಮ ಹತ್ರಾನೇ ಇರ್ಬೇಕು' ಅಂದದ್ದು? ನಾನೆಂಥ ಪೆದ್ದಿ!

ಗಾಡಿ ಹೋದದ್ದಕ್ಕಲ್ಲ ಅವಳು ಅತ್ತದ್ದು. ಗಾಡಿ ಮಾರಲೆಂದೇ ಇರುವುದು. ಒಂದು ಮಾತು ತನಗೆ ಹೇಳಬೇಕೆಂದು ಅವನಿಗೆ ಅನ್ನಿಸಲಿಲ್ಲವಲ್ಲ…

ಮರುದಿನ ಅವನು ಎಂದಿನಂತೆ ಮೈದಾನಕ್ಕೆ ಬಂದ. ಎಂದಿಗಿಂತ ಮುಂಚೆಯೇ ಬಂದ.

"ನಿನ್ನೆ ನಿಮ್ಮ ಮನೆ ಕಡೇನೇ ಬಂದಿದ್ದೆ. ನೀವಿರಲಿಲ್ಲ. ಒಂದು ವಿಷಯ ಹೇಳ್ಬೇಕಿತ್ತು…"

"ಅಂಗಡೀಲಿ ತೂಗುಹಾಕಿದ್ರಲ್ಲ, ಓದ್ಕೊಂಡೆ."

"ಅದು ಮಾವ…"

"ಕಲಿತಾಯ್ತಲ್ಲ? ಇನ್ನು ಬರೋ ಅಗತ್ಯ ಇಲ್ಲ. ನನ್ನ ಬಾಯಿಗೆ ಬೀಗ ಬಿದ್ದಿದೆ, ಹೆದರ್ಬೇಡಿ."

"ಟೀಚರ್, ಒಂದೇ ಮಾತು…"

"ಹೋಗಿ ಅಂದೆನಲ್ಲ!"

ಅವನು ಜೇಬಿನಿಂದ ಕರವಸ್ತ್ರ ತೆಗೆದ. ಮಡಿಸಿದ. ಬಿಚ್ಚಿದ. ಹಾಗೇ ತಿರುಗಿ ಹೋದ.

*

ಅದಾದ ಕೆಲವು ದಿನಗಳಿಗೆ, ಕ್ಲಾಸಿನ ನಡುವೆ ಫೋನು ಬಂತು.

"ಟೀಚರಮ್ಮಾ, ನಾನು ತಳ್ಳಪ್ಪನ ಸೋದರಮಾವ. ಅವನು ಹೊರಟ. ಒಬ್ಬನೇ ಹೊರಟ."

"ಎಲ್ಲಿಗೆ?"

"ಕರಿಬೆಕ್ಕು ಹತ್ತಿ ಬೆಟ್ಟದಾಚೆಗೆ! ಆ ಡಾಕ್ಟರಮ್ಮನಿಗೆ ಅದನ್ನ ಕೊಡ್ತೀನಿ ಅಂತ ನಾನು ಸೊಂಟ ಮುರ್ಕೊಳ್ಳೋಕೆ ಮುಂಚೇನೇ ಮಾತು ಕೊಟ್ಟಿದ್ದೆ, ಅವರು ಕಾದಿದ್ರು. ಇವನಿಗೆ ಹೇಳೋಕೆ ಮರೆತೇ ಹೋಗಿತ್ತು, ನನ್ನ ತಪ್ಪು. ಹೇಳಿದಾಗ ಒಂದಿಡೀ ದಿನ ನನ್ನ ಹತ್ರ ಮಾತಾಡಲಿಲ್ಲ. ಬೇರೆಯವರಿಗೆ ಇಟ್ಟಿದ್ದೆ ಮಾವ ಅಂದ. ಆಮೇಲೆ, ಕೊಟ್ಟ ಮಾತು ಕೊಟ್ಟಿದ್ದೇ ಅಂತ ಒಪ್ಕೊಂಡ."

ಅವಳು ಫೋನನ್ನು ಕಿವಿಗೆ ಒತ್ತಿ ಹಿಡಿದಳು.

"ಲಾರೀಲಿ ಕಳಿಸ್ಬಹುದಿತ್ತಲ್ಲ…"

"ಅದೇ ಕತೆ ನೋಡಿ. ಅಂಗಡಿಯವನೇ ಹತ್ತೋಕೆ ಹೆದರ್ತಾನೆ ಅನ್ನೋ ಸುದ್ದಿ ಅವರ ಕಿವೀಗೂ ಬಿದ್ದಿದೆ. ನೀವೇ ಓಡಿಸ್ಕೊಂಡು ಬಂದು ಕೊಡಿ, ಆಗ ನಂಬ್ತೀನಿ ಅಂದ್ರು."

ನನ್ನ ಮಾತು! ನಾನು ಆಡಿದ ಮಾತು ಬೆಟ್ಟ ಹತ್ತಿ ಇಳಿದು ಅವನ ಕೊರಳಿಗೇ ಬಿತ್ತಲ್ಲ!

"ಅವನಿಗೆ ಓಡಿಸೋಕೆ ಬರಲ್ಲ ಅಂತ…" ಅವಳು ತಡವರಿಸಿದಳು.

"ನನಗೆ ಗೊತ್ತಮ್ಮ. ಮಹಡಿ ಕಿಟಕಿ ಪಕ್ಕಾನೇ ನನ್ನ ಮಂಚ. ದಿನಾ ತಳ್ಳೋದು ಕಾಣಲ್ವಾ? ತಾನಾಗೇ ಹೇಳ್ಲಿ ಅಂತ ಸುಮ್ನಿದ್ದೆ. ಈಗ ಕಲ್ತಿದೀನಿ ಮಾವ, ಒಳ್ಳೇ ಟೀಚರ್ ಸಿಕ್ಕಿದಾರೆ ಅಂತಾನೆ. ನಾನು ಬೇಡ ಅಂದ್ರೂ ಕೇಳಲಿಲ್ಲ."

ಒಂದೇ ಕ್ಷಣದಲ್ಲಿ ಅವಳಿಗೆ ಹೊಳೆದದ್ದು ಒಂದೇ. ತಾನು ಅವನಿಗೆ ಕಲಿಸಿದ್ದು ಈ ಕಾಲದ ಬೈಕಿನಲ್ಲಿ. ಗೇರು ಎಡಗಾಲಿಗೆ. ಕರಿಬೆಕ್ಕಿನ ಗೇರು ಬಲಗಾಲಿಗೆ!

"ಅಕ್ಕಾ, ಇಳೀರಿ!" ಟೈಲರ್ ಅಕ್ಕನ ಕೈಯಿಂದ ಸ್ಕೂಟರು ಕಸಿದುಕೊಂಡಳು. ಮುಂದೆ ಕೆಂಪಕ್ಷರದ 'ಎಲ್' ಬೋರ್ಡು ಹಾಗೇ ಇತ್ತು.

"ಏನಾಯ್ತು ಟೀಚರ್?"

"ಆಮೇಲೆ ಹೇಳ್ತೀನಿ!"

"ಹೇಳೋದೇನು ಬಂತು, ನಮಗೆಲ್ಲ ಗೊತ್ತು! ಬೇಗ ಹೋಗಿ!" ಮೈದಾನದ ಹೆಂಗಸರೆಲ್ಲ ಒಟ್ಟಿಗೇ ಕೂಗಿದರು.

*

ಬೆಟ್ಟದ ರಸ್ತೆ ಹಾವಿನ ಹಾಗೆ ಸುತ್ತಿ ಸುತ್ತಿ ಏರುತ್ತಿತ್ತು. ಪ್ರತಿ ತಿರುವಿನಲ್ಲೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಈ ತಿರುವಿನಾಚೆ ಏನು ಕಾಣಬೇಕಾಗುತ್ತದೋ…

ಅರ್ಧ ಬೆಟ್ಟದ ಮೇಲೆ, ಒಂದು ಏರಿನಲ್ಲಿ, ಅವನು ಕಂಡ. ಕರಿಬೆಕ್ಕನ್ನು ತಳ್ಳಿಕೊಂಡು ಹೋಗುತ್ತಿದ್ದ. ಅಂಗಿ ಬೆನ್ನಿಗೆ ಅಂಟಿತ್ತು. ಅಂಗಿಯ ಎಡತೋಳು ಮೊಣಕೈಯಲ್ಲಿ ಹರಿದು ರಕ್ತ ಒಣಗಿತ್ತು.

ಅವಳು ಸ್ಕೂಟರನ್ನು ನಿಲ್ಲಿಸಿದಳೋ ಬಿಸಾಕಿದಳೋ.

"ಏಯ್! ತಲೆ ಕೆಟ್ಟಿದೆಯಾ ನಿನಗೆ? ಯಾರನ್ನ ಕೇಳಿ ಹೊರಟೆ? ಈ ಗಾಡೀಲಿ ಗೇರು ಯಾವ ಕಡೆ, ಬ್ರೇಕು ಯಾವ ಕಡೆ ಅಂತ ಕಾಲಿಗೆ ರೂಢಿ ಇದೆಯಾ? ಏನಾದ್ರೂ ಆಗಿದ್ರೆ? ಹಾಂ? ಏನಾದ್ರೂ ಆಗಿದ್ರೆ ನಾನೇನು ಮಾಡ್ಬೇಕಿತ್ತು?"

ಅವನು ಬಾಯಿ ತೆರೆದು ಅವಳನ್ನೇ ನೋಡಿದ.

"ತಲೇಲಿ ಇತ್ತು, ಕಾಲಿಗೆ ಗೊತ್ತಾಗಲಿಲ್ಲ," ಅಂದ ಮೆಲ್ಲಗೆ. "ತಿರುವಿನಲ್ಲಿ ಬ್ರೇಕು ಅಂತ ಗೇರು ತುಳಿದೆ. ಪೊದೆಗೆ ಹೋಯ್ತು. ಆದ್ರೆ ಗಾಡಿಗೆ ಒಂದು ಗೀರೂ ಆಗಿಲ್ಲ, ನೋಡಿ."

"ಅದು ಹೇಗೆ?"

"ಕೆಳಗಡೆ ನಾನಿದ್ದೆ."

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಅಳು ಬಂತು. ಯಾವುದನ್ನು ತಡೆಯಬೇಕೆಂದು ತಿಳಿಯದೆ ರಸ್ತೆಯ ಕಟ್ಟೆಯ ಮೇಲೆ ಕುಸಿದು ಕೂತು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಅವನು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಪಕ್ಕದಲ್ಲಿ, ಸ್ವಲ್ಪ ದೂರ ಬಿಟ್ಟು ಕೂತ.

"ಮಾವ ಫೋನ್ ಮಾಡಿದ್ರಾ?"

"ಹೂಂ."

"ನಿಮಗೆ ನಾನೇ ಹೇಳ್ಬೇಕು ಅಂತ ಅವತ್ತು ನಿಮ್ಮ ಮನೆಗೆ ಹೋಗಿದ್ದೆ. ನೀವು ಅದೇ ಹೊತ್ತಿಗೆ ಅಂಗಡಿಗೆ ಬಂದಿದ್ರಂತೆ."

"ಹೇಳೋಕೆ ಬಂದಾಗ ನಾನೇ ಬಾಯಿ ಮುಚ್ಚಿಸಿದೆ. ಎರಡನೇ ಸಲ ಅದೇ ತಪ್ಪು ಮಾಡಿದೆ," ಅಂದಳು ಕೈಯ ಸಂದಿನಿಂದ. "ನಿಮ್ಮನ್ನ ಕೇಳದೇನೇ ತೀರ್ಪು ಕೊಟ್ಟೆ."

"ಮತ್ತೆ 'ನಿಮ್ಮನ್ನ' ಅಂದ್ರಾ? ಈಗ ತಾನೇ ನೀನು, ನಿನಗೆ ಅಂತ ಬೈದ್ರಿ."

ಅವಳು ತಟ್ಟನೆ ಮುಖ ಎತ್ತಿದಳು. "ಅದು… ಗಾಬರೀಲಿ ಬಂತು."

"ಅದೇ ಚೆನ್ನಾಗಿತ್ತು," ಅಂದ ಅವನು. ಕಿವಿಯ ತುದಿ ಕೆಂಪಾಗಿತ್ತು. ಕಳ್ಳರ ಕಿವಿಯಷ್ಟೇ ಅಲ್ಲ, ಒಳ್ಳೆಯವರ ಕಿವಿಯೂ ಕೆಂಪಾಗುತ್ತದೆ ಎಂದು ಅವಳಿಗೆ ಈಗ ಗೊತ್ತಿತ್ತು.

ಅವಳು ನೀರಿನ ಬಾಟಲಿ ತಂದು ಮೊಣಕೈ ತೊಳೆದಳು. ತನ್ನ ದುಪಟ್ಟಾದ ಅಂಚು ಹರಿದು ಕಟ್ಟಿದಳು. ಅವನು ಉರಿಗೆ ಹಲ್ಲು ಕಚ್ಚಿ ಕೂತಿದ್ದ.

"ಡಾಕ್ಟರಮ್ಮನ ಮನೆ ಎಷ್ಟು ದೂರ?"

"ಬೆಟ್ಟ ಇಳಿದು, ಸೇತುವೆ ದಾಟಿದ ಮೇಲೆ." ಅವನು ಎದ್ದು ಗಾಡಿಯ ಕೀಲಿಯನ್ನು ಅವಳ ಮುಂದೆ ಹಿಡಿದ. "ಸೇತುವೆವರೆಗೂ ನೀವು ಓಡಿಸಿ."

"ಯಾಕೆ, ಧೈರ್ಯ ಹೋಯ್ತಾ?"

"ಅದೂ ಇದೆ. ಆದ್ರೆ ಅದಕ್ಕಲ್ಲ. ಇವತ್ತು ಬಿಟ್ರೆ ಇದು ನಿಮಗೆ ಸಿಗಲ್ಲ. ಪೂರ್ತಿ ಕೊಡೋಕೆ ನನ್ನ ಕೈಲಿ ಆಗಲಿಲ್ಲ. ಇಷ್ಟು ದಾರಿನಾದ್ರೂ ನಿಮ್ಮದಾಗಲಿ."

ಅವಳು ಕೀಲಿಯನ್ನೇ ನೋಡುತ್ತಾ ನಿಂತಳು. ಇವನು ನನ್ನ ಆಸೆಯನ್ನು ನನಗಿಂತ ಜೋಪಾನವಾಗಿ ಇಟ್ಟುಕೊಂಡಿದ್ದಾನಲ್ಲ…

ಆಮೇಲೆ ಕರಿಬೆಕ್ಕು ಬೆಟ್ಟ ಇಳಿಯಿತು. ಬಿಸಿಲು ಮರಗಳ ನಡುವೆ ಚೂರುಚೂರಾಗಿ ಬೀಳುತ್ತಿತ್ತು. ಟ್ಯಾಂಕಿನ ಬಿಸಿ ಮಂಡಿಗೆ ತಾಗುತ್ತಿತ್ತು. ಎಂಜಿನ್ನಿನ ಗುರುಗುಟ್ಟುವಿಕೆ ಹೊಟ್ಟೆಯೊಳಗೆ ಇಳಿದು, ಎಂದೋ ಮಲಗಿದ್ದ ಒಂದು ಮಗುವನ್ನು ಎಬ್ಬಿಸಿತು. ಅವಳು ಗಾಳಿಗೆ ಬಾಯಿ ತೆರೆದು ಜೋರಾಗಿ ಮಗ್ಗಿ ಹೇಳತೊಡಗಿದಳು. ಬೇಕೆಂದೇ ಅಲ್ಲಲ್ಲಿ ತಪ್ಪಿಸುತ್ತಾ!

ಹಿಂದೆ 'ಎಲ್' ಬೋರ್ಡಿನ ಸ್ಕೂಟರಿನಲ್ಲಿ ಅವನು ಬರುತ್ತಿದ್ದ. ಭುಜ ಇಳಿಸಿ, ಉಸಿರು ಬಿಟ್ಟು.

ಸೇತುವೆಯ ಬಳಿ ಅವಳು ಗಾಡಿಯನ್ನು ನಿಲ್ಲಿಸಿ ಟ್ಯಾಂಕಿನ ಮೇಲೊಮ್ಮೆ ಅಂಗೈ ಸವರಿದಳು. ಅಷ್ಟೇ. ಅಷ್ಟು ಸಾಕೆನ್ನಿಸಿತು.

"ಈಗ ನೀವು ಹತ್ತಿ. ಬಲಗಾಲು ಗೇರು. ಬಾಯಲ್ಲಿ ಹೇಳ್ಕೊಂಡೇ ಓಡಿಸಿ. ಬಲ ಗೇರು, ಎಡ ಬ್ರೇಕು."

ಸೇತುವೆ ಪಕ್ಕದ ಬಯಲಲ್ಲಿ ಅವನಿಂದ ನಾಲ್ಕು ಸುತ್ತು ಹಾಕಿಸಿದ ಮೇಲೆಯೇ ಅವಳು ರಸ್ತೆಗೆ ಬಿಟ್ಟಳು.

*

ಡಾಕ್ಟರಮ್ಮ ಗೇಟಿನಲ್ಲೇ ನಿಂತಿದ್ದರು. ಬೆಳ್ಳಿ ಕೂದಲು, ಉಗುರಿನಲ್ಲಿ ಎಂಜಿನ್ ಆಯಿಲಿನ ಕಪ್ಪು. ಕಣ್ಣಿನ ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ಹಳೆಯ ಗಾಡಿಗಳೇ ಅವರ ರೋಗಿಗಳು. ಅವನು "ಬಲ ಗೇರು, ಎಡ ಬ್ರೇಕು" ಎಂದು ಗುನುಗುತ್ತಾ ಬಂದು ಅವರೆದುರು ಸರಿಯಾಗಿ ನಿಲ್ಲಿಸಿದ.

"ಹೊಗೆ ಇಲ್ಲ. ಸದ್ದು ಹದವಾಗಿದೆ," ಅಂದರು ಅವರು. ಆಮೇಲೆ ಅವರ ಕಣ್ಣು ಮೊಣಕೈಗೆ ಹೋಯಿತು. "ಬಿದ್ರಾ?"

ಇಲ್ಲ ಅನ್ನು, ಬಾಗಿಲಿಗೆ ತಾಗಿತು ಅನ್ನು… ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ಈಗ ಬಿದ್ದೆ ಎಂದರೆ ಮಾರಾಟವೇ ಮುರಿದುಬೀಳಬಹುದು!

"ಬಿದ್ದೆ," ಅಂದ ಅವನು. "ನನಗೆ ಓಡಿಸೋಕೇ ಬರ್ತಿರಲಿಲ್ಲ ಮೇಡಂ, ಈಚೆಗೆ ಕಲಿತೆ. ಅಲ್ಲಿವರೆಗೂ ನಾಚಿಕೆಯಿಂದ ಮುಚ್ಚಿಟ್ಟಿದ್ದೆ. ಗಾಡಿಗೆ ಏನೂ ಆಗಿಲ್ಲ ಅನ್ಸುತ್ತೆ, ಆದ್ರೂ ನೀವು ಪೂರ್ತಿ ಬಿಚ್ಚಿ ನೋಡಿ. ಬೇಡ ಅನ್ಸಿದ್ರೆ ವಾಪಸ್ ಒಯ್ತೀನಿ."

ಅವಳು ಮುಂದೆ ಬಂದಳು. "ಐಬಿದೆ ಅಂತ ಸುದ್ದಿ ಹಬ್ಬಿಸಿದ್ದು ನಾನು ಮೇಡಂ. ತಪ್ಪು ನನ್ನದು."

ಡಾಕ್ಟರಮ್ಮ ಇಬ್ಬರನ್ನೂ ನೋಡಿದರು. ಗಾಡಿಯ ಸುತ್ತ ಬಂದು, ಬಗ್ಗಿ, ಬೆರಳಾಡಿಸಿ ನೋಡಿದರು. ಆಮೇಲೆ ಗಟ್ಟಿಯಾಗಿ ನಕ್ಕರು.

"ನಾಲಿಗೆ ಒಬ್ಬರದು, ಮೊಣಕೈ ಇನ್ನೊಬ್ಬರದು! ಗಾಡಿ ಇಲ್ಲೇ ಇರಲಿ. ಇಷ್ಟು ನಿಜ ಹೇಳಿ ಮಾರೋರನ್ನ ನಾನು ಕಂಡಿಲ್ಲ. ಬನ್ನಿ, ಟೀ ಕುಡೀರಿ." ಹೋಗುತ್ತಾ ಹೋಗುತ್ತಾ ತಿರುಗಿ, "ಅಂದಹಾಗೆ, ಇವರು ನಿಮಗೆ ಏನಾಗ್ಬೇಕು?" ಎಂದು ಅವನನ್ನು ಕೇಳಿದರು.

ಅವನು ತಡವರಿಸಿದ. "ಇವರು… ನಮ್ಮ ಟೀಚರ್."

"ಓಹೋ," ಅಂದರು ಡಾಕ್ಟರಮ್ಮ. ಆ ಓಹೋದಲ್ಲಿ ಬಹಳ ಅರ್ಥವಿತ್ತು.

*

ಮರಳುವಾಗ ಇಬ್ಬರಿಗೆ ಒಂದೇ ಸ್ಕೂಟರು. ಅವಳು ಓಡಿಸುತ್ತಿದ್ದಳು, ಅವನು ಹಿಂದೆ ಕೂತಿದ್ದ. ಸ್ಕೂಟರು ಬೆಟ್ಟದ ನೆತ್ತಿಗೆ ಬಂತು.

"ಸ್ವಲ್ಪ ನಿಲ್ಲಿಸ್ತೀರಾ?" ಅಂದ ಅವನು.

ಅವಳು ನಿಲ್ಲಿಸಿದಳು. ಕೆಳಗೆ ಊರು ಇಳಿಬಿಸಿಲಿನಲ್ಲಿ ಹರಡಿಕೊಂಡಿತ್ತು.

"ಡಾಕ್ಟರಮ್ಮ ಕೇಳಿದಾಗ ನಾನು ಸರಿಯಾಗಿ ಉತ್ತರ ಹೇಳಲಿಲ್ಲ."

"ಟೀಚರ್ ಅಂದ್ರಲ್ಲ. ನಿಜಾನೇ ಅಲ್ವಾ?"

"ಅದು ಈಗ ಏನಾಗಿದೀರೋ ಅದು. ಅವರು ಕೇಳಿದ್ದು ಏನಾಗ್ಬೇಕು ಅಂತ." ಅವನ ಕೈಗಳು ಕರವಸ್ತ್ರ ಹುಡುಕಲಿಲ್ಲ. ಸುಮ್ಮನೆ, ಗಟ್ಟಿಯಾಗಿ, ಅವನ ಮಂಡಿಯ ಮೇಲಿದ್ದವು. "ನೀವು ನನ್ನ ಮನೆಯವರಾಗ್ಬೇಕು. ದಿನಾ ಬೈಬೇಕು. ನಾನು ಎಲ್ಲಿಗೆ ಹೋದ್ರೂ ತಿರುಗಿ ಬಂದು ನಿಲ್ಲೋದು ನಿಮ್ಮ ಮುಂದೇನೇ ಆಗ್ಬೇಕು. ನಿಮಗೆ ಒಪ್ಪಿಗೆ ಇದ್ರೆ ಮಾತ್ರ."

ಅವಳು ಎಂಜಿನ್ ಆರಿಸಿದಳು.

ಸ್ಕೂಟರಿನಿಂದ ಇಳಿದಳು. ಹ್ಯಾಂಡಲನ್ನು ಅವನ ಕಡೆ ತಿರುಗಿಸಿದಳು.

"ನೀನು ಮುಂದೆ ಕೂತ್ಕೋ."

"ನಾನಾ? ನನ್ನ ಹಿಂದೆ ಇಲ್ಲಿವರೆಗೂ ಯಾರೂ ಕೂತಿಲ್ಲ…"

"ಗೊತ್ತು. ನಾನೂ ಯಾರ ಹಿಂದೇನೂ ಕೂತಿಲ್ಲ. ಬರೀ ಹಿಂದೆ ಓಡಿದೀನಿ." ಅವಳು ನಕ್ಕಳು. ಕಣ್ಣು ತುಂಬಿತ್ತು. "ಇವತ್ತು ಕೂರ್ತೀನಿ. ಒಪ್ಪಿಗೆ."

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಮುಂದೆ ಕೂತ. ಅವಳು ಹಿಂದೆ ಕೂತು ಅವನ ಹೆಗಲ ಮೇಲೆ ಕೈಯಿಟ್ಟಳು. ಆ ಹೆಗಲು ಬಿಗಿಯಾಯಿತು, ಮೆಲ್ಲಗೆ ಸಡಿಲವಾಯಿತು.

ಸ್ಕೂಟರು ಮಾತ್ರ ಹೊರಡಲಿಲ್ಲ.

"ಏನಾಯ್ತು? ಭಯಾನಾ?"

"ಹೂಂ."

"ಓಡಿಸೋಕಾ?"

"ಅಲ್ಲ. ಹೋಗಿ ಚಿಕ್ಕಮ್ಮನ್ನ ಕೇಳ್ಬೇಕಲ್ಲ, ಅದಕ್ಕೆ."

ಅವಳು ಅವನ ಬೆನ್ನಿಗೆ ಹಣೆಯಾನಿಸಿ ನಕ್ಕಳು. ಮನಸಾರೆ ನಕ್ಕಳು.

"ನಾನಿರ್ತೀನಿ ಪಕ್ಕದಲ್ಲಿ. ನಡಿ."